ಕುದುರೆಯ ಬಾಯಿಯನ್ನು ಬಲ್ಲ ಸೇನಾನಿ

ಕ್ರಿ. ಪೂ. 430ರ ಸುಮಾರಿಗೆ ಅಥೆನ್ಸ್ ನಗರದಲ್ಲಿ ಜನಿಸಿದ ಕ್ಸೆನೊಫನ್‌ನನ್ನು ಲೋಕವು ಸಾಕ್ರಟೀಸನ ಶಿಷ್ಯನೆಂದೂ ಚರಿತ್ರಕಾರನೆಂದೂ ಸ್ಮರಿಸುತ್ತದೆ. ಅಶ್ವಪರೀಕ್ಷೆಯಲ್ಲಿಯೂ ಆತನು ನುರಿತವನಾಗಿದ್ದನೆಂಬುದನ್ನು ಬಲ್ಲವರು ವಿರಳ.

ಕ್ರಿ. ಪೂ. 401ರಲ್ಲಿ ಪಾರಸಿಕ ರಾಜಕುಮಾರ ಸೈರಸನು ಅಣ್ಣನ ಸಿಂಹಾಸನಕ್ಕಾಗಿ ದಂಡೆತ್ತಿ ಹೊರಟಾಗ ಕ್ಸೆನೊಫನ್ ಆತನ ಗ್ರೀಕ್ ಪಡೆಯ ಸಂಗಡ ಹೋದನು. ಕುನಾಕ್ಸದ ರಣದಲ್ಲಿ ಸೈರಸನು ಮಡಿದನು. ಗ್ರೀಕ್ ದಳಪತಿಗಳು ಮೋಸಕ್ಕೆ ಸಿಕ್ಕಿ ಹತರಾದರು. ಆಗ ಆಯ್ಕೆಗೊಂಡ ಹೊಸ ದಳಪತಿಗಳಲ್ಲಿ ಕ್ಸೆನೊಫನ್ ಒಬ್ಬನು. ಆರ್ಮೇನಿಯದ ಹಿಮವನ್ನು ದಾಟಿ ಆ ಪಡೆಯು ಕಪ್ಪು ಸಮುದ್ರದ ತೀರವನ್ನು ಸೇರಿತು.

ಕ್ರಿ. ಪೂ. 399ರಲ್ಲಿ ಲಾಂಪ್ಸಕಸ್ ಪಟ್ಟಣಕ್ಕೆ ಬಂದಾಗ ಆತನ ಕೈಯಲ್ಲಿ ದಾರಿವೆಚ್ಚಕ್ಕೂ ಹಣವಿರಲಿಲ್ಲ. ತನ್ನ ಕುದುರೆಯನ್ನೇ 50 ದಾರಿಕ ನಾಣ್ಯಗಳಿಗೆ ಮಾರಿದನು. ಪಡೆಗೆ ಸಂಬಳದ ಹಣ ತಂದಿದ್ದ ಇಬ್ಬರು, ಆ ಕುದುರೆ ಆತನಿಗೆ ಎಷ್ಟು ಪ್ರಿಯವೆಂಬುದನ್ನು ಕೇಳಿ ತಿಳಿದು, ಅದನ್ನು ಬಿಡಿಸಿ ತಂದು ಒಪ್ಪಿಸಿದರು; ಬೆಲೆಯನ್ನು ಮರಳಿ ಪಡೆಯಲು ಒಪ್ಪಲಿಲ್ಲ.

ಮುಂದೆ ಸ್ವದೇಶದಿಂದ ಬಹಿಷ್ಕೃತನಾದ ಕ್ಸೆನೊಫನ್, ಸ್ಪಾರ್ಟದವರು ಕೊಟ್ಟ ಜಮೀನಿನಲ್ಲಿ, ಒಲಿಂಪಿಯದ ಸಮೀಪದ ಸ್ಕಿಲ್ಲಸ್‌ನಲ್ಲಿ, ಬೇಟೆ, ಬೇಸಾಯ, ಬರವಣಿಗೆಗಳಲ್ಲಿ ಬಹುಕಾಲ ಕಳೆದನು. ತನ್ನ ದೀರ್ಘಾನುಭವವನ್ನು ಕಿರಿಯ ಮಿತ್ರರಿಗೆ ತಿಳಿಸಲೆಂದು ಆತನು ರಚಿಸಿದ ಅಶ್ವಾರೋಹಣ ಗ್ರಂಥವು ಇಂದಿಗೂ ಉಳಿದಿದೆ.

ಕುದುರೆಯನ್ನು ಕೊಳ್ಳುವವನು ಮೊದಲು ಗೊರಸನ್ನು ನೋಡಬೇಕು. ಎರಡು ದವಡೆಗಳೂ ಸಮಾನವಾಗಿ ಮೃದುವೇ ಎಂಬುದನ್ನು ಪರೀಕ್ಷಿಸಬೇಕು. ಒಂದು ಪಕ್ಕ ಬಿರುಸಾದರೆ ಕುದುರೆಯು ಆ ಪಕ್ಕಕ್ಕೆ ಕಡಿವಾಣವನ್ನು ಮನ್ನಿಸದು. ವಯಸ್ಸನ್ನು ಹಲ್ಲಿನಿಂದ ತಿಳಿಯಬೇಕು. ಹಾಲುಹಲ್ಲಿನ ಗುರುತುಗಳೆಲ್ಲ ಕಳೆದ ಕುದುರೆಯಿಂದ ಮುಂದಿನ ಆಸೆಯೂ ಇಲ್ಲ, ಅದನ್ನು ಮತ್ತೆ ಮಾರುವುದೂ ಸುಲಭವಲ್ಲ ಎಂಬುದು ಆತನ ಅಭಿಪ್ರಾಯ. ಕುದುರೆಯ ಮುಂಬಲ್ಲುಗಳು ಎರಡೂವರೆ ವರ್ಷದಿಂದ ಮೊದಲಾಗಿ ಬದಲಾಗುತ್ತ ಬಂದು, 5 ವರ್ಷದ ಹೊತ್ತಿಗೆ ಬಾಯಿ ಪೂರ್ಣವಾಗುವುದೆಂಬುದು ಈ ಮಾತಿಗೆ ಆಧಾರ.

ಇದಕ್ಕಿಂತಲೂ ಸೂಕ್ಷ್ಮವಾದುದು ಗೋದಲಿಯನ್ನು ಕುರಿತ ಬೋಧೆ. ಲಾಯವು ಯಜಮಾನನ ಕಣ್ಣಿಗೆ ಬೀಳುವಂತಿರಬೇಕು; ಮೇವಿನ ಕಳವು ತಪ್ಪುವುದಷ್ಟೇ ಅಲ್ಲ, ಕುದುರೆಯು ಮೇವನ್ನು ಹೊರಚೆಲ್ಲುವುದೂ ಕೂಡಲೇ ತಿಳಿಯುವುದು. ಹಾಗೆ ಚೆಲ್ಲಿದರೆ ದೇಹದಲ್ಲಿ ಏನೋ ದೋಷ ಹುಟ್ಟಿದೆಯೆಂದು ಅರಿತು, ರೋಗವು ಬೇರೂರುವ ಮುನ್ನ ಉಪಚರಿಸಬೇಕು. ರಕ್ತದ ಆಧಿಕ್ಯ, ಬಳಲಿಕೆ, ಜವೆಗೋಧಿಯ ಅಜೀರ್ಣ ಇವುಗಳನ್ನು ಆತನು ಕಾರಣಗಳೆಂದು ಬಗೆದನು. ಹಲ್ಲಿನ ಬೇನೆಯನ್ನು ಇಲ್ಲಿ ಹೆಸರಿಸಲಿಲ್ಲ.

ಇಂದಿನ ಪಶುವೈದ್ಯರಾದರೋ, ಅರೆ ಅಗಿದ ಮೇವು ಬಾಯಿಂದ ಉದುರಿದರೆ ಮೊದಲು ಹಲ್ಲನ್ನೇ ಶಂಕಿಸುವರು. ಕುದುರೆಯ ಹಲ್ಲು ಜೀವಮಾನದ ಬಹುಭಾಗ ವಸಡಿನಿಂದ ಮೇಲೇಳುತ್ತಲೂ ಸವೆಯುತ್ತಲೂ ಇರುತ್ತದೆ. ಮೇಲಿನ ದವಡೆಯು ಕೆಳಗಿನದಕ್ಕಿಂತ ಅಗಲವಾದುದರಿಂದ, ಮೇಲಿನ ದವಡೆಹಲ್ಲುಗಳ ಹೊರ ಅಂಚೂ ಕೆಳಗಿನವುಗಳ ಒಳ ಅಂಚೂ ಸವೆಯದೆ ಹರಿತವಾಗಿ ಕೆನ್ನೆ, ನಾಲಗೆಗಳನ್ನು ಕೊಯ್ಯುತ್ತವೆ. ಬಾಯಿ ತೆರೆದಿಡುವ ಸಾಧನವನ್ನು ತೊಡಿಸಿ, ದೀಪ ಹಿಡಿದು, ಕೈಯಿಂದ ಮುಟ್ಟಿ ನೋಡಿ, ಆ ಅಂಚುಗಳನ್ನು ಅರದಿಂದ ಉಜ್ಜಿ ಸಮಗೊಳಿಸುವರು.

ಕುದುರೆಯನ್ನು ಕೋಪದಿಂದ ಎಂದೂ ಸಮೀಪಿಸಬಾರದೆಂಬುದು ಕ್ಸೆನೊಫನ್‌ನ ದೃಢವಾದ ಮತ. ಕ್ರಿ. ಪೂ. 362ರಲ್ಲಿ ಆತನ ಮಗ ಗ್ರಿಲ್ಲಸನು ಅಥೆನ್ಸಿನ ಅಶ್ವದಳದಲ್ಲಿದ್ದು ಮಾಂಟಿನೀಯದ ಯುದ್ಧದಲ್ಲಿ ಮಡಿದನು. ಕ್ರಿ. ಪೂ. 354ರ ಸುಮಾರಿಗೆ ತಂದೆಯೂ ಕಾಲವಾದನು. ಮೂಕಪ್ರಾಣಿಯ ಬೇನೆಯನ್ನು ಅದರ ಗೋದಲಿಯಿಂದಲೇ ಓದಬೇಕೆಂದು ಆತನು ಕಲಿಸಿದ ಪಾಠವು ಇಂದಿನ ಲಾಯಗಳಲ್ಲಿಯೂ ಸಲ್ಲುತ್ತಿದೆ.