ಡಾ. ಥಾಮಸ್ ಬೌಡ್ಲರ್

ಮಕ್ಕಳ ಕೈಗೆ ಎಂತಹ ಗ್ರಂಥವನ್ನು ಕೊಡಬಹುದು, ಎಂತಹುದನ್ನು ಕೊಡಲಾಗದು ಎಂಬ ಚರ್ಚೆ ಎದ್ದಾಗಲೆಲ್ಲ ಆಂಗ್ಲರ ನಾಲಗೆಯ ಮೇಲೆ ಒಬ್ಬ ವೈದ್ಯರ ಹೆಸರು ಸುಳಿಯುತ್ತದೆ, ಬಹುಮಟ್ಟಿಗೆ ಪರಿಹಾಸ್ಯವಾಗಿ. ಈ ಥಾಮಸ್ ಬೌಡ್ಲರ್ 1754ರಲ್ಲಿ ಬಾತ್ ನಗರದ ಸಮೀಪದ ಬಾಕ್ಸ್ ಗ್ರಾಮದಲ್ಲಿ ಜನಿಸಿದರು. ತಂದೆ ಮಕ್ಕಳನ್ನು ಕೂರಿಸಿಕೊಂಡು ಷೇಕ್ಸ್‌ಪಿಯರ್ ಮಹಾಕವಿಯ ನಾಟಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಲಿಯರ್, ಹ್ಯಾಮ್ಲೆಟ್, ಒಥೆಲೊ ನಾಟಕಗಳನ್ನು ಮಕ್ಕಳು ತನ್ಮಯರಾಗಿ ಆಲಿಸಿದರು. ಅವುಗಳಲ್ಲಿ ಅಶ್ಲೀಲವಾದ ಮಾತುಗಳೂ ಉಂಟು, ತಂದೆ ಅವುಗಳನ್ನು ಜಾಣ್ಮೆಯಿಂದ ದಾಟಿಸಿ ಓದುತ್ತಿದ್ದರು ಎಂಬುದು ಅವರಿಗೆ ತಿಳಿದುದು ಬೆಳೆದು ದೊಡ್ಡವರಾದ ಮೇಲೆಯೇ. ಇಂತಹ ತಂದೆ ಮನೆಮನೆಯಲ್ಲಿಯೂ ಇರಲು ಸಾಧ್ಯವೇ? ಆ ಕೊರತೆಯನ್ನು ಮುದ್ರಿತ ಗ್ರಂಥವೊಂದು ತುಂಬಬೇಕಾಯಿತು.

ಬೌಡ್ಲರರು 1776ರಲ್ಲಿ ಎಡಿನ್‌ಬರೋದಲ್ಲಿ ವೈದ್ಯಪದವಿ ಪಡೆದರೂ ಕೆಲವೇ ವರ್ಷಗಳಲ್ಲಿ ಆ ವೃತ್ತಿಯನ್ನು ತ್ಯಜಿಸಿದರು. ಚದುರಂಗದಲ್ಲಿ ನಿಪುಣರು, ಕಾರಾಗೃಹಗಳ ಸುಧಾರಣೆಯಲ್ಲಿ ಆಸಕ್ತರು.

1807ರಲ್ಲಿ 20 ನಾಟಕಗಳ 'ಫ್ಯಾಮಿಲಿ ಷೇಕ್ಸ್‌ಪಿಯರ್' ಸಂಪಾದಕರ ಹೆಸರಿಲ್ಲದೆ ಪ್ರಕಟವಾಯಿತು. ಅದನ್ನು ಸಿದ್ಧಪಡಿಸಿದವರು ಅಕ್ಕ ಹೆನ್ರಿಯೆಟಾ. ಅವಿವಾಹಿತೆಯಾದ ಕುಲೀನ ಸ್ತ್ರೀ ತನ್ನ ಹೆಸರು ಹಾಕಿದ್ದರೆ, ಕತ್ತರಿಸಿದ ಮಾತುಗಳ ಅರ್ಥ ತನಗೆ ಗೊತ್ತೆಂದು ಒಪ್ಪಿಕೊಂಡಂತಾಗುತ್ತಿತ್ತು! 1818ರಲ್ಲಿ 10 ಸಂಪುಟಗಳ ಪೂರ್ಣ ಆವೃತ್ತಿ ತಮ್ಮನ ಹೆಸರಿನಲ್ಲಿಯೇ ಹೊರಬಂದಿತು. ಅಕ್ಕನ ಪಾಲು ಲೋಕಕ್ಕೆ ಸ್ಪಷ್ಟವಾದುದು 20ನೆಯ ಶತಮಾನದಲ್ಲಿ.

ತಮ್ಮದೇನನ್ನೂ ಸೇರಿಸುವುದಿಲ್ಲ, ಕುಟುಂಬದ ನಡುವೆ ಓದಲಾಗದುದನ್ನು ಮಾತ್ರ ಬಿಡುತ್ತೇವೆ ಎಂದು ಅವರು ಮುಖಪುಟದಲ್ಲಿಯೇ ಸಾರಿದರು. ಗುಟ್ಟಾಗಿ ಹಾಳೆ ಹರಿಯುವವರಿಗಿಂತ ಇದು ಎಷ್ಟೋ ಮೇಲು. ಆದರೆ ಕತ್ತರಿ ಕೈಗೆ ಬಂದ ಮೇಲೆ ನಿಲ್ಲುವುದು ಕಷ್ಟ. ನಾಲ್ಕನೆಯ ಹೆನ್ರಿಯ ಎರಡನೆಯ ಭಾಗದಲ್ಲಿ ಡಾಲ್ ಟೇರ್‌ಷೀಟ್ ಎಂಬ ವೇಶ್ಯೆಯ ಪಾತ್ರವೇ ಮಾಯವಾಯಿತು; ದೇವರ ಹೆಸರಿನ ಉದ್ಗಾರಗಳೂ ಬದಲಾದವು. ಒಥೆಲೊ ಮಾತ್ರ ಮಣಿಯಲಿಲ್ಲ. ಅಲ್ಲಿ ಇಯಾಗೊ ಕಿವಿಯಲ್ಲಿ ಸುರಿಯುವ ಕೊಳಕು ಮಾತೇ ಕಥೆಯ ಬೆನ್ನೆಲುಬು. ಅದನ್ನು ತೆಗೆದರೆ ದುರಂತವೇ ಉಳಿಯದು. ತಂದೆ ನಾಲಗೆಯಿಂದ ಸಾಧಿಸಿದುದು ಮಗನಿಗೆ ಅಚ್ಚಿನಲ್ಲಿ ಕೈಗೂಡಲಿಲ್ಲ. ಆ ನಾಟಕವನ್ನು ಮನೆಮಂದಿಯ ಹಜಾರದಿಂದ ಹಿರಿಯರ ಖಾಸಗಿ ಕಪಾಟಿಗೆ ವರ್ಗಾಯಿಸುವುದೇ ಲೇಸೆಂದು ಅವರೇ ಬರೆದರು. ಕತ್ತರಿಯಿಂದ ಪ್ರಸಿದ್ಧರಾದವರು ಕಪಾಟನ್ನು ಆಶ್ರಯಿಸಿದ ಈ ಘಳಿಗೆಯೇ ಅವರ ಜೀವನದಲ್ಲಿ ಶಾಲಾ ಗ್ರಂಥಪಾಲಕರು ಗಮನಿಸತಕ್ಕದ್ದು ಎಂದು ನನಗೆ ತೋರುತ್ತದೆ. ವಯಸ್ಸಿಗೆ ತಕ್ಕ ಕಪಾಟು ಕವಿಗೆ ಗಾಯ ಮಾಡುವುದಿಲ್ಲ.

ಬೌಡ್ಲರರು 1825ರಲ್ಲಿ ವೇಲ್ಸ್ ಪ್ರಾಂತದ ಸ್ವಾನ್ಸಿಯ ಬಳಿ ನಿಧನರಾದರು. 1836ರ ವೇಳೆಗೆ ಅವರ ಹೆಸರೇ 'ಬೌಡ್ಲರೈಸ್' ಎಂಬ ಕ್ರಿಯಾಪದವಾಗಿ, ಕೃತಿಯ ಅಂಗಚ್ಛೇದನಕ್ಕೆ ನಿಂದಾರ್ಥದಲ್ಲಿ ರೂಢಿಗೆ ಬಂದಿತು. ವಿಚಿತ್ರವೆಂದರೆ, ತಾವೇ ಅಶ್ಲೀಲದ ಆಪಾದನೆಗೆ ಗುರಿಯಾಗಿದ್ದ ಕವಿ ಸ್ವಿನ್‌ಬರ್ನ್ 1894ರಲ್ಲಿ ಬೌಡ್ಲರರನ್ನು ಮನಸಾರೆ ಸಮರ್ಥಿಸಿದರು: ಎಳೆಯ ಮಕ್ಕಳಿಗೂ ಷೇಕ್ಸ್‌ಪಿಯರನನ್ನು ತಲುಪಿಸಿದವರು ಅವರೇ ಎಂದು.