ಕೈದಿಗಳ ಕರುಣಾಮಯಿ ಎಲಿಜಬೆತ್ ಫ್ರೈ

ಸೆರೆಯಲ್ಲಿರುವವರನ್ನು ಕಂಡು ವಿಚಾರಿಸಿದರೆ ತನ್ನನ್ನೇ ವಿಚಾರಿಸಿದಂತೆ ಎಂಬುದು ಯೇಸುಸ್ವಾಮಿಯ ಬೋಧನೆ. ಈ ಮಾತನ್ನು ಪ್ರಾರ್ಥನೆಗಷ್ಟೇ ಸೀಮಿತಗೊಳಿಸದೆ ಬಾಳಿನಲ್ಲಿ ನಡೆಸಿ ತೋರಿಸಿದವರು ಇಂಗ್ಲೆಂಡಿನ ಎಲಿಜಬೆತ್ ಫ್ರೈ.

1780ರ ಮೇ 21ರಂದು ನಾರ್ವಿಚ್ ನಗರದ ಗರ್ನಿ ಎಂಬ ಬ್ಯಾಂಕ್ ವ್ಯವಹಾರದ ಮನೆತನದಲ್ಲಿ ಅವರು ಜನಿಸಿದರು. ಸರಳ ಬದುಕಿಗೆ ಹೆಸರಾದ ಕ್ವೇಕರ್ ಪಂಥದ ಕುಟುಂಬವದು. ಹನ್ನೆರಡರ ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. 1800ರಲ್ಲಿ ಜೋಸೆಫ್ ಫ್ರೈ ಅವರ ಕೈಹಿಡಿದು ಲಂಡನ್ ಸೇರಿದ ಅವರು ಹನ್ನೊಂದು ಮಕ್ಕಳ ತಾಯಿಯಾದರು.

1813ರಲ್ಲಿ ಮೊದಲ ಬಾರಿಗೆ ಲಂಡನ್ನಿನ ನ್ಯೂಗೇಟ್ ಜೈಲನ್ನು ಕಂಡರು. ಸುಮಾರು 300 ಹೆಂಗಸರು ಮಕ್ಕಳೊಂದಿಗೆ ಇಕ್ಕಟ್ಟಿನಲ್ಲಿದ್ದರು. ಮಲಗಲು ಹಾಸಿಗೆ ಇರಲಿಲ್ಲ. ವಿಚಾರಣೆ ಮುಗಿಯದವರೂ ಶಿಕ್ಷೆಯಾದವರೂ ಒಟ್ಟಿಗೇ ಇದ್ದರು. ಮನೆಯ ಕಷ್ಟಗಳ ನಡುವೆ ಕೆಲವು ವರ್ಷ ಕಳೆದ ಮೇಲೆ ಫ್ರೈ ಮತ್ತೆ ಅಲ್ಲಿಗೆ ಹೋದರು. 1817ರಲ್ಲಿ ಜೈಲಿನೊಳಗೇ ಮಕ್ಕಳಿಗೆ ಶಾಲೆ ತೆರೆದರು. ಮೊದಲ ಶಿಕ್ಷಕಿ ಕೈದಿಗಳಲ್ಲೇ ಒಬ್ಬಾಕೆ. ಹೆಂಗಸರಿಗೆ ಹೊಲಿಗೆ ಕೆಲಸ ಕೊಡಿಸಿದರು. ನಿಯಮಗಳನ್ನು ಮೇಲಿನಿಂದ ಹೇರದೆ, ಒಂದೊಂದನ್ನೂ ಓದಿ ಹೇಳಿ, ಕೈದಿಗಳ ಒಪ್ಪಿಗೆ ಪಡೆದೇ ಜಾರಿಗೆ ತಂದರು. ಅವರೂ ಮನುಷ್ಯರೇ ಎಂಬ ಗೌರವ ಕೊಟ್ಟದ್ದೇ ಫ್ರೈ ಅವರ ದೊಡ್ಡ ಸೇವೆ.

ಆಗ ಖೋಟಾ ನೋಟು ಚಲಾಯಿಸಿದವರಿಗೂ ಗಲ್ಲುಶಿಕ್ಷೆ ಇತ್ತು. 1818ರಲ್ಲಿ ಈ ಅಪರಾಧಕ್ಕೆ ಮರಣದಂಡನೆಗೆ ಗುರಿಯಾದ ಹ್ಯಾರಿಯೆಟ್ ಸ್ಕೆಲ್ಟನ್ ಎಂಬಾಕೆಯನ್ನು ಉಳಿಸಲು ಫ್ರೈ ಗೃಹಮಂತ್ರಿಯವರೆಗೂ ಹೋಗಿ ಬೇಡಿಕೊಂಡರು. ಫಲ ಸಿಗಲಿಲ್ಲ. ಆಕೆಯನ್ನು ಗಲ್ಲಿಗೇರಿಸಲಾಯಿತು. ಅದೇ ವರ್ಷ ಫ್ರೈ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಜೈಲುಗಳ ಸ್ಥಿತಿಯ ಬಗ್ಗೆ ಸಾಕ್ಷ್ಯ ನುಡಿದರು. 1823ರ ಕಾಯ್ದೆ ಮಹಿಳಾ ಕೈದಿಗಳಿಗೆ ಮಹಿಳಾ ಕಾವಲುಗಾರರೇ ಇರಬೇಕೆಂದು ವಿಧಿಸಿತು. ಆಸ್ಟ್ರೇಲಿಯಾಕ್ಕೆ ಗಡೀಪಾರಾಗುತ್ತಿದ್ದ ಮಹಿಳೆಯರನ್ನೂ ಅವರು ಮರೆಯಲಿಲ್ಲ. ಹಡಗುಗಳಿಗೇ ಹೋಗಿ ಬಟ್ಟೆಯ ತುಂಡು, ಸೂಜಿ, ದಾರಗಳನ್ನು ಹಂಚುತ್ತಿದ್ದರು.

1828ರಲ್ಲಿ ಪತಿಯ ಬ್ಯಾಂಕು ದಿವಾಳಿಯಾಯಿತು. ದೊಡ್ಡ ಮನೆ ಬಿಡಬೇಕಾಯಿತು. ಬ್ಯಾಂಕಿನ ಹಣವನ್ನೇ ದಾನಧರ್ಮಕ್ಕೆ ಸುರಿದರೆಂಬ ಅಪವಾದವೂ ಬಂತು. ಪತಿಯನ್ನು ಕ್ವೇಕರ್ ಸಂಘವೇ ಹೊರಹಾಕಿತು. ತಲೆ ಎತ್ತಿ ನಡೆಯುವುದೇ ಕಷ್ಟವಾದ ಆ ದಿನಗಳಲ್ಲೂ ಫ್ರೈ ಜೈಲಿನ ದಾರಿ ಬಿಡಲಿಲ್ಲ. 1845ರ ಅಕ್ಟೋಬರ್ 12ರಂದು ರಾಮ್ಸ್‌ಗೇಟಿನಲ್ಲಿ ನಿಧನರಾದರು.

2002ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಐದು ಪೌಂಡ್ ನೋಟಿನ ಮೇಲೆ ಅವರ ಚಿತ್ರವನ್ನು ಮುದ್ರಿಸಿತು. ನ್ಯೂಗೇಟಿನ ಕೈದಿಗಳಿಗೆ ಅವರು ಓದಿ ಹೇಳುತ್ತಿರುವ ದೃಶ್ಯವೂ ಅದರಲ್ಲಿತ್ತು. 2017ರವರೆಗೆ ಆ ನೋಟು ಚಲಾವಣೆಯಲ್ಲಿತ್ತು. ಖೋಟಾ ನೋಟಿಗಾಗಿ ಪ್ರಾಣ ತೆತ್ತ ಬಡ ಹೆಣ್ಣಿನ ಪರವಾಗಿ ಕಣ್ಣೀರು ಸುರಿಸಿದ ತಾಯಿಗೆ, ದಿವಾಳಿಯಾದ ಬ್ಯಾಂಕರನ ಮಡದಿಗೆ, ನೋಟಿನ ಮೇಲೆಯೇ ಸಂದ ಗೌರವವಿದು.