ಸೆಣಬಿನ ಕಟ್ಟಿನಿಂದ ಕಲಿಸಿದ ವಿಜ್ಞಾನಿ: ಜಗದೀಶ ಚಂದ್ರ ಬೋಸ್

ದ್ವಿತೀಯ ಪಿಯುಸಿ ಭೌತಶಾಸ್ತ್ರದ ವಿದ್ಯುತ್ಕಾಂತೀಯ ತರಂಗಗಳ ಪಾಠದಲ್ಲಿ ಹರ್ಟ್ಸ್, ಬೋಸ್, ಮಾರ್ಕೋನಿ ಎಂಬ ಮೂರು ಹೆಸರುಗಳಿವೆ. ನಡುವಿನವರು ನಮ್ಮ ದೇಶದವರು.

ಜಗದೀಶ ಚಂದ್ರ ಬೋಸ್ ಹುಟ್ಟಿದ್ದು 1858ರ ನವೆಂಬರ್ 30ರಂದು, ಇಂದು ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ. ತಂದೆ ಸರ್ಕಾರಿ ಅಧಿಕಾರಿಯಾಗಿದ್ದರೂ ಮಗನನ್ನು ಇಂಗ್ಲಿಷ್ ಶಾಲೆಗೆ ಕಳಿಸದೆ ಬಂಗಾಳಿ ಶಾಲೆಗೆ ಸೇರಿಸಿದರು. ಅಲ್ಲಿ ಬಾಲಕನ ಒಂದು ಪಕ್ಕದಲ್ಲಿ ತಂದೆಯ ಮುಸ್ಲಿಂ ಜವಾನನ ಮಗ, ಇನ್ನೊಂದು ಪಕ್ಕದಲ್ಲಿ ಮೀನುಗಾರನ ಮಗ ಕೂರುತ್ತಿದ್ದರು.

ಕೇಂಬ್ರಿಡ್ಜ್‌ನಲ್ಲಿ ಓದಿ ಬಂದ ಬೋಸ್ 1885ರಲ್ಲಿ ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಭಾರತೀಯರೆಂಬ ಕಾರಣಕ್ಕೆ ಅವರಿಗೆ ಯುರೋಪಿಯನ್ನರಿಗಿಂತ ಕಡಿಮೆ ಸಂಬಳ ಗೊತ್ತಾಯಿತು. ಅವರು ಮೂರು ವರ್ಷ ಸಂಬಳ ಮುಟ್ಟಲಿಲ್ಲ, ಪಾಠವನ್ನೂ ನಿಲ್ಲಿಸಲಿಲ್ಲ. ಕೊನೆಗೆ ಪೂರ್ಣ ಸಂಬಳ ಬಾಕಿ ಸಮೇತ ಬಂತು.

ಸರಿಯಾದ ಪ್ರಯೋಗಾಲಯವಿರಲಿಲ್ಲ. ಚಿಕ್ಕ ಕೋಣೆಯಲ್ಲೇ ಉಪಕರಣ ಮಾಡಿಸಿ, 5 ಮಿಲಿಮೀಟರ್‌ನಷ್ಟು ಕಿರಿದಾದ ರೇಡಿಯೋ ತರಂಗಗಳನ್ನು ಹೊಮ್ಮಿಸಿದರು. 1895ರಲ್ಲಿ ಕೋಲ್ಕತ್ತದ ಟೌನ್ ಹಾಲ್‌ನಲ್ಲಿ ಆ ತರಂಗಗಳು ಗೋಡೆ ದಾಟಿ ಗಂಟೆ ಬಾರಿಸಿದವು, ಮದ್ದು ಸಿಡಿಸಿದವು.

ಸಕ್ಕರೆ ದ್ರಾವಣವು ಬೆಳಕಿನ ಧ್ರುವೀಕರಣದ ತಲವನ್ನು ತಿರುಗಿಸುತ್ತದೆ. ಅದಕ್ಕೆ ಅಣುವಿನ ರಚನೆಯೇ ಕಾರಣ. 1898ರಲ್ಲಿ ಬೋಸ್ ಅಣುವಿನ ಬದಲು ಸೆಣಬಿನ ಕಟ್ಟುಗಳನ್ನು ಎಡಕ್ಕೂ ಬಲಕ್ಕೂ ಹುರಿಮಾಡಿ ತಮ್ಮ ತರಂಗಗಳಿಗೆ ಅಡ್ಡ ಇಟ್ಟರು. ಹುರಿಯ ದಿಕ್ಕಿಗೆ ತಕ್ಕಂತೆ ತಲವೂ ತಿರುಗಿತು. ವಸ್ತು ಯಾವುದೆಂಬುದಷ್ಟೇ ಅಲ್ಲ, ಅದರ ಆಕಾರವೂ ತರಂಗದ ಮೇಲೆ ಪರಿಣಾಮ ಬೀರುತ್ತದೆ ಎಂದು ಇದರಿಂದ ಕಂಡಿತು.

ಇಂದಿನ ಮೆಟಾಮೆಟೀರಿಯಲ್‌ಗಳ ತತ್ವವೂ ಇದೇ. ಬೋಸ್ ತಲುಪಿದ್ದು 60 ಗಿಗಾಹರ್ಟ್ಸ್, ಅದರಾಚೆ, 0.1ರಿಂದ 10 ಟೆರಾಹರ್ಟ್ಸ್‌ವರೆಗಿನ ತರಂಗಗಳಲ್ಲಿ ಈಗ ಸಂಶೋಧನೆ ನಡೆದಿದೆ. ತೆಳು ಹಾಳೆಯ ಮೇಲೆ ಬಾಯಿ ಬಿಟ್ಟ ಸಣ್ಣ ಲೋಹದ ಉಂಗುರಗಳನ್ನು ಸಾಲಾಗಿ ಮೂಡಿಸುತ್ತಾರೆ. ಅವು ಒಂದು ನಿಗದಿತ ಆವರ್ತನಕ್ಕೆ ಅನುರಣಿಸುತ್ತವೆ. ಉಂಗುರದ ಬಾಯಿಯಲ್ಲಿ ಪ್ರೋಟೀನ್ ಅಥವಾ ಡಿಎನ್‌ಎ ಕೂತರೆ ಧಾರಕತೆ ಹೆಚ್ಚಿ ಆವರ್ತನ ತುಸು ಇಳಿಯುತ್ತದೆ. ಆ ಇಳಿಕೆಯನ್ನು ಅಳೆದು ಅಣುವಿನ ಇರುವಿಕೆ ತಿಳಿಯುತ್ತಾರೆ. ಆದರೆ ನೀರು ಈ ತರಂಗಗಳನ್ನು ಬಹಳವಾಗಿ ಹೀರುವುದರಿಂದ ರಕ್ತದಂಥ ದ್ರವ ಮಾದರಿಗಳ ಪರೀಕ್ಷೆ ಇನ್ನೂ ಕಷ್ಟ.

ಬೋಸ್ ಮುಂದೆ ಸಸ್ಯಗಳ ಸ್ಪಂದನೆಯನ್ನು ಅಭ್ಯಸಿಸಿದರು, 1917ರಲ್ಲಿ ಬೋಸ್ ಸಂಸ್ಥೆ ಕಟ್ಟಿದರು, 1937ರ ನವೆಂಬರ್ 23ರಂದು ಗಿರಿಡೀಹ್‌ನಲ್ಲಿ ತೀರಿಕೊಂಡರು. ನಮ್ಮ ಲ್ಯಾಬಿನಲ್ಲಿ ಅದಿಲ್ಲ, ಇದಿಲ್ಲ ಎಂದು ಕೈಕಟ್ಟಿ ಕೂರುವ ಮುನ್ನ ಆ ಸೆಣಬಿನ ಕಟ್ಟನ್ನು ನೆನೆಯೋಣ.